ಸೋಡಾ ಮನೆಯ ಚೂರಿ

ನನಗೆ ನೋಡುವ ಚಟ ಹತ್ತಿಕೊಂಡಿದೆಯೇನೋ ಎಂಬ ಅಳುಕು ಶುರುವಾದದ್ದು ಆ ಬೇಸಗೆಯಲ್ಲಿ. ಯಾರಿಗೂ ಹೇಳಲಿಲ್ಲ. ದಿನಚರಿಯಲ್ಲಿ ಒಂದು ಸಾಲು ಬರೆದು, ಬರೆದದ್ದನ್ನು ನಾನೇ ಓದಿಕೊಂಡು, ಕೆನ್ನೆ ಬಿಸಿಯಾಗಿ ಅದರ ಮೇಲೆ ಶಾಯಿ ಎಳೆದುಬಿಟ್ಟೆ. ಬೇರೆಯವರ ಮನೆ ಕಿಟಕಿಯಲ್ಲಿ ಇಣುಕುವವಳಲ್ಲ ನಾನು. ದಾರಿಯಲ್ಲಿ ಎದುರು ಬಂದವರನ್ನು ಅವರ ಚಪ್ಪಲಿಯಿಂದಲೇ ಗುರುತು ಹಿಡಿಯುವಷ್ಟು ತಲೆ ತಗ್ಗಿಸಿ ನಡೆಯುವವಳು. ಆದರೆ ಚೂರಿ ಕೈಗೆ ಬಂದರೆ ಮಾತು ಬೇರೆ. ಕಣ್ಣು ಗೀರಿನ ಮೇಲೆ ನಿಲ್ಲದೆ ಗೀರಿನ ಹಿಂದಕ್ಕೆ ಹೊರಟುಬಿಡುತ್ತಿತ್ತು.

ಊರಿನ ಚೂರಿ ಅಂಗಡಿ ಕಾಳಮ್ಮತ್ತೆಯದು. ಅಪ್ಪನ ಅಕ್ಕ. ಬಿ.ಎ. ಮುಗಿಸಿ ಮನೆಯಲ್ಲಿ ಗೋಡೆಗೆ ಅಂಟಿಕೊಂಡು ಕೂತಿದ್ದ ನನ್ನನ್ನು ಅವಳು ಕೆಲಸಕ್ಕೆ ಕರೆದಾಗ ಅಮ್ಮ, "ಇವಳಿಗೆ ನಾಲ್ಕು ಜನರ ಎದುರು ಬಾಯೇ ಬರಲ್ಲ ಅತ್ತಿಗೆ, ಅಂಗಡೀಲಿ ಏನು ಮಾಡ್ತಾಳೆ?" ಅಂದಳು. ಅತ್ತೆ ಎಲೆಅಡಿಕೆ ಪಕ್ಕಕ್ಕೆ ದೂಡಿ ನಕ್ಕಳು. "ಅದಕ್ಕೇ ಕೇಳ್ತಿರೋದು ಕಣೇ. ಬಾಯಿ ಇರೋರು ಊರು ತುಂಬ ಇದಾರೆ. ನನಗೆ ಕೈ ಇರೋಳು ಸಾಕು."

ನಮ್ಮೂರಲ್ಲಿ ಗಾಜಿನಲ್ಲಾಗಲಿ ನೀರಿನಲ್ಲಾಗಲಿ ಮುಖ ನಿಲ್ಲುವುದಿಲ್ಲ. ಉಕ್ಕಿನಲ್ಲಿ ಮಾತ್ರ ನಿಲ್ಲುತ್ತದೆ, ಅದೂ ತಡವಾಗಿ ಬರುತ್ತದೆ. ಒರಟು ಚೂರಿಯ ಎದುರು ಈ ಹಬ್ಬಕ್ಕೆ ನಿಂತರೆ ಮುಂದಿನ ಹಬ್ಬಕ್ಕೆ ಮುಖ ಬಂದೀತು. ಉಜ್ಜಿ ಹೊಳಪು ಕೊಟ್ಟಷ್ಟೂ ತಡ ಕಡಿಮೆ. ಒಳ್ಳೆಯ ಹೊಳಪಿನದಾದರೆ ಬೆಳಿಗ್ಗೆ ಇಟ್ಟುಕೊಂಡ ಕುಂಕುಮ ಸಂಜೆಗೆ ಕಾಣುತ್ತದೆ, ಅದನ್ನು ಸಂಜೆ ಚೂರಿ ಅನ್ನುತ್ತೇವೆ. ಅಪ್ಪಟ ಹೊಳಪು ಬಂದರೆ ನೀವು ರೆಪ್ಪೆ ಬಡಿದಾಗಲೇ ಅದೂ ಬಡಿಯುತ್ತದೆ, ಅದು ಕಣ್ಣೆವೆ ಚೂರಿ. ಅಂಥದ್ದು ಊರಿಗೆಲ್ಲ ಬೆರಳೆಣಿಕೆಯಷ್ಟು. ಉಳಿದವರು ಹೇಗೋ ಹೊಂದಿಕೊಂಡಿದ್ದಾರೆ. ನಲ್ಲಿಯ ಹತ್ತಿರ ಹೆಂಗಸರು ಒಬ್ಬರ ಹಣೆ ಇನ್ನೊಬ್ಬರು ನೋಡಿ, "ಏನ್ರೀ, ಇವತ್ತು ಕುಂಕುಮ ಕಿವಿ ಕಡೆ ಹೊರಟಿದೆಯಲ್ಲ!" ಎಂದು ತಿದ್ದಿಕೊಡುತ್ತಾರೆ. ಕ್ಷೌರದ ಕುರ್ಚಿಯಿಂದ ಎದ್ದವರು, "ಸಂಜೆ ಬಂದು ನೋಡ್ತೀನಿ. ಎರಡು ಕಡೆ ಸಮ ಇಲ್ದಿದ್ರೆ ಬಿಡಲ್ಲ ನಿನ್ನ" ಎಂದು ಹೋಗುತ್ತಾರೆ. ಮಕ್ಕಳು ಚೂರಿಯ ಎದುರು ನಾಲಗೆ ಚಾಚಿ ಮರೆತುಬಿಡುತ್ತವೆ. ಹೀಗೆ ಒಬ್ಬ ಮೇಷ್ಟ್ರ ತಿಥಿಯ ದಿನ ಮಂತ್ರ ನಡೆಯುತ್ತಿದ್ದಾಗ ಪುರೋಹಿತರ ತಲೆಯ ಮೇಲೆ, ಚೂರಿಯಲ್ಲಿ, ಮೇಷ್ಟ್ರ ಮೊಮ್ಮಗನ ನಾಲಗೆ ಬಹಳ ಹೊತ್ತು ಅಲ್ಲಾಡುತ್ತಿತ್ತು. ಯಾರೂ ನಗಲಿಲ್ಲ. ಸಾವಾದ ಮನೆಯಲ್ಲಿ ಒಂದು ವರ್ಷ ಚೂರಿ ಉಜ್ಜಿಸುವುದಿಲ್ಲ. ಯಾಕೆಂದು ಯಾರೂ ಕೇಳುವುದೂ ಇಲ್ಲ.

ಪ್ರತಿ ಮನೆಯ ನಡುಮನೆಯಲ್ಲೂ ಅಂಗೈಗಿಂತ ಅಗಲವಾದ, ಮೊಳಕ್ಕಿಂತ ಉದ್ದವಾದ ಒಂದು ಮನೆಚೂರಿ ಗೋಡೆಯ ಮೇಲೆ ತೂಗುತ್ತಿರುತ್ತದೆ. ಹೆಣ್ಣು ನೋಡಲು ಬಂದವರು ಹುಡುಗಿಗಿಂತ ಮೊದಲು ನೋಡುವುದು ಅದನ್ನೇ. ತಾವು ಬರುವ ಮೊದಲು ಈ ಮನೆ ಹೇಗಿತ್ತು, ಯಾರು ಅಳುತ್ತಿದ್ದರು, ಯಾರು ಯಾರ ಮೇಲೆ ಕೈಯೆತ್ತಿದ್ದರು ಎಂದು ತಿಳಿಯಬೇಕಲ್ಲ. ಆದ್ದರಿಂದ ಸಂಬಂಧ ಕುದುರುವ ಸೂಚನೆ ಸಿಕ್ಕ ಕೂಡಲೇ ಮನೆಯವರು ಚೂರಿಯನ್ನು ಬಟ್ಟೆಯಲ್ಲಿ ಸುತ್ತಿ ನಮ್ಮ ಅಂಗಡಿಗೆ ತರುತ್ತಾರೆ.

ಕೆಲಸ ಕಷ್ಟದ್ದೇನಲ್ಲ, ಬೇಸರದ್ದು. ಹಳೆಯ ಕಾಲದ ಕಬ್ಬಿಣದ ಚೂರಿಗಳು ಮೆತ್ತಗೆ, ಒಂದು ಮಧ್ಯಾಹ್ನದಲ್ಲಿ ಒಲಿಯುತ್ತವೆ. ಈಚಿನ ಗಟ್ಟಿ ಸ್ಟೇನ್‌ಲೆಸ್ ಉಕ್ಕಿಗೆ ತುಕ್ಕೂ ಇಲ್ಲ, ಕರುಣೆಯೂ ಇಲ್ಲ. ಅದರ ಮೈಯೊಳಗೆ ಉಕ್ಕಿಗಿಂತ ಗಡುಸಾದ ಸಣ್ಣ ಕಾಳುಗಳಿರುತ್ತವೆ, ಸಾಧಾರಣ ಪುಡಿ ಅವುಗಳ ಮೇಲೆ ಜಾರಿ ಹೋಗುತ್ತದೆ. ಮೊದಲು ಕೆಂಪು ಉಜ್ಜುಕಾಗದ, ಆಮೇಲೆ ಕಪ್ಪು, ಆಮೇಲೆ ಬೂದಿ ಬಣ್ಣದ್ದು, ಕೊನೆಗೆ ಬೀಟೆ ಮರದ ತುಂಡಿಗೆ ತೊಗಲು ಬಿಗಿದು, ವಜ್ರದ ಪುಡಿ ಕಲಸಿದ ಮುಲಾಮು. ಕೆಂಪನ್ನು ಉದ್ದಕ್ಕೆ ಎಳೆದರೆ ಕಪ್ಪನ್ನು ಅಡ್ಡಕ್ಕೆ ಎಳೆಯಬೇಕು, ಹಿಂದಿನ ಕಾಗದದ ಗೀರು ಒಂದೇ ಒಂದು ಕಂಡರೂ ಮುಂದಿನದನ್ನು ಮುಟ್ಟುವ ಹಾಗಿಲ್ಲ. ಕಾಗದ ಬದಲಿಸುವಾಗಲೆಲ್ಲ ಕೈ ತೊಳೆಯಬೇಕು, ಉಗುರ ಸಂದಿಯಲ್ಲಿ ಒಂದು ಒರಟು ಕಣ ಉಳಿದರೂ ಎರಡು ದಿನದ ಕೆಲಸ ಹಾಳು. ಚೂರಿ ಬೆರಳಿಗೆ ಬಿಸಿ ತಾಕಿದರೆ ನೀರಿಗೆ ಅದ್ದಿ ಕಾಯಬೇಕು.

ಉಜ್ಜುತ್ತಾ ಹೋದ ಹಾಗೆ ತಡ ಸವೆಯುತ್ತದೆ. ಮನೆಯವರು ಅದರ ಎದುರು ಕಳೆದ, ಚೂರಿ ಇನ್ನೂ ಹಿಂದಿರುಗಿಸದೆ ಇಟ್ಟುಕೊಂಡಿದ್ದ ದಿನಗಳೆಲ್ಲ ಒಂದರ ಹಿಂದೊಂದು ಓಡತೊಡಗುತ್ತವೆ. ಕೈ ನಿಂತರೆ ಅವೂ ನಡಿಗೆಗೆ ಬರುತ್ತವೆ. ಓಡಿ ಹೋದದ್ದು ಹೋಯಿತು, ಮತ್ತೆ ಬರುವುದಿಲ್ಲ. "ನೀನು ಗೀರು ನೋಡು, ಮನುಷ್ಯರನ್ನ ನೋಡಬೇಡ" ಎಂದು ಅತ್ತೆ ಮೊದಲ ದಿನವೇ ಹೇಳಿದ್ದಳು. "ಯಾರಾದ್ರೂ ಕಂಡ್ರೆ ಕಣ್ಣು ಸಣ್ಣ ಮಾಡ್ಕೋ, ಮಸುಕಾಗ್ತಾರೆ." ನಾನು ಕಣ್ಣು ಸಣ್ಣ ಮಾಡಿಕೊಳ್ಳಲಿಲ್ಲ. ಬ್ಯಾಂಕಿನ ಗಂಭೀರ ಮ್ಯಾನೇಜರು ಯಾರೂ ಇಲ್ಲದಾಗ ಟವೆಲ್ಲು ಬೀಸಿಕೊಂಡು ಕುಣಿಯುವುದನ್ನು ನೋಡಿದೆ. ಒಬ್ಬ ಸೊಸೆ ದಿನಾ ಸಂಜೆ ಮಾವನ ಖಾಲಿ ಕುರ್ಚಿಗೆ ಕೆನ್ನೆಗೆ ಹೊಡೆದ ಹಾಗೆ ಹೊಡೆದು, ಆಮೇಲೆ ಅದನ್ನು ಸೆರಗಿನಿಂದ ಒರೆಸಿ ಸರಿಯಾಗಿ ಇಡುವುದನ್ನು ನೋಡಿದೆ. ಮಾತಾಡುವ ಕಷ್ಟವಿಲ್ಲದೆ ಎಲ್ಲರ ಮನೆಗೂ ಹೋಗಿ ಬಂದ ಹಾಗೆ ಅನಿಸುತ್ತಿತ್ತು. ಇಷ್ಟವಾಗುತ್ತಿತ್ತು. ಅದೇ ನನ್ನ ಅಳುಕು.

ಒಂದು ಸೋಮವಾರ ಸೋಡಾ ಮನೆಯ ಚಾರುಲತೆ ಹಳದಿ ಬಟ್ಟೆಯಲ್ಲಿ ಸುತ್ತಿದ ಚೂರಿ ತಂದಳು. ಅವರಪ್ಪ ಗೋಲಿ ಸೋಡಾ ಮಾಡಿ ಮೇಲೆ ಬಂದವರು, ಈಗ ಮನೆಯ ಪಕ್ಕದಲ್ಲೇ ಕಾರ್ಖಾನೆಯಿದೆ. ಎರಡು ಹೆಣ್ಣುಮಕ್ಕಳಲ್ಲಿ ಇವಳು ಎರಡನೆಯವಳು. ಹಿರಿಯಳು ಪದ್ಮಾವತಿ ಕಾಲೇಜಿನಲ್ಲಿ ನನ್ನ ಬೆಂಚಿನವಳು.

ಅತ್ತೆ ಚೂರಿಯನ್ನು ಬೆಳಕಿಗೆ ಓರೆ ಮಾಡಿ ನೋಡಿ ತುಟಿ ಸೊಟ್ಟ ಮಾಡಿದಳು. "ಏನಮ್ಮ ಇದು, ಅಡುಗೆಮನೆ ಚೂರಿ ಥರ ಇಟ್ಟಿದೀರಿ? ವರ್ಷದ ಮೇಲಾಗಿದೆ ತಡ. ಸಂಜೆ ಚೂರಿ ಮಾಡಿಕೊಟ್ರೆ ಆಯ್ತಲ್ಲ?"

"ಕಣ್ಣೆವೆ ಮಾಡ್ಬೇಕು ಕಾಳಮ್ಮನೋರೇ. ಶುಕ್ರವಾರ ಹೊಳೆಯಾಚೆಯಿಂದ ನನ್ನ ನೋಡೋಕೆ ಬರ್ತಿದಾರೆ. ಹಿಂದಿನದು ಒಂದು ನಿಮಿಷದ್ದೂ ಇರಬಾರದು ಅಂದ್ರು ಅಮ್ಮ."

"ಅಬ್ಬಾ! ಹುಡುಗ ಅಷ್ಟೊಂದು ಚೆನ್ನಾಗಿದಾನಾ?"

ಚಾರು ನಗಲಿಲ್ಲ. ಹೆಬ್ಬೆರಳ ಉಗುರಿನ ಪಕ್ಕದ ಚರ್ಮ ಕಿತ್ತುಕೊಳ್ಳುತ್ತಾ ನನ್ನ ಕಡೆ ತಿರುಗಿ, "ನೀಲು, ನೀನೇ ಮಾಡ್ತೀಯಲ್ವಾ? ನೀಲು ಕೈಗೇ ಕೊಡು ಅಂತ ಅಕ್ಕ ಹೇಳಿದ್ಲು" ಅಂದಳು.

"ಪದ್ಮಿ ಹೇಗಿದಾಳೆ?" ಅಷ್ಟೇ ಕೇಳಿದೆ.

"ಚೆನ್ನಾಗಿದಾಳೆ. ಚಿಕ್ಕಮ್ಮನ ಮನೇಲಿ. ಬೆಟ್ಟದ ಗಾಳಿ, ಒಗ್ಗಿದೆ." ಹೇಳುತ್ತಲೇ ಮೆಟ್ಟಿಲಿಳಿದಳು. ಅಷ್ಟು ದೂರದ ಬೆಟ್ಟದಿಂದ ಪದ್ಮಿ ಯಾವಾಗ ಬಂದು ಇವಳಿಗೆ ಹಾಗೆ ಹೇಳಿದಳು ಎಂದು ಹೊಳೆದಾಗ ಚಾರು ಬೀದಿಯ ತಿರುವಿನಲ್ಲಿದ್ದಳು. ಮೊದಲೇ ಹೊಳೆದಿದ್ದರೂ ನಾನು ಕೇಳುತ್ತಿರಲಿಲ್ಲ.

ಪದ್ಮಿಯೂ ನಾನೂ ಓದಿನ ವರ್ಷಗಳೆಲ್ಲ ಒಂದೇ ಬೆಂಚು. ಅವಳು ಕಿಟಕಿ ಕಡೆ, ನಾನು ಗೋಡೆ ಕಡೆ. ಇಬ್ಬರೂ ಮಾತಿನವರಲ್ಲ. ಪಾಠದ ನಡುವೆ ಏನಾದರೂ ಬೇಕಾದರೆ ದನಿಯಿಲ್ಲದೆ ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದೆವು, ನಮಗೆ ಅದು ಸಾಕಾಗುತ್ತಿತ್ತು. ಓದು ಮುಗಿದು ನಾನು ಅತ್ತೆಯ ಅಂಗಡಿ ಸೇರಿದ್ದು ಅವಳಿಗೆ ಗೊತ್ತಿತ್ತು. ಪದವಿ ಕೊಡುವ ದಿನ ವೇದಿಕೆಯ ಮೆಟ್ಟಿಲು ಹತ್ತುವಾಗ ಅವಳು ಬಿದ್ದಳು. ಕೈಕಾಲು ಸೆಟೆದುಕೊಂಡು ಬಾಯಲ್ಲಿ ನೊರೆ ಬಂತು. ಯಾರೋ ಓಡಿ ಬಂದು ಬೀಗದ ಕೈ ಹಿಡಿಸಿದರು. ಇಡೀ ಊರು ನೋಡಿತು. ಅದಾದ ಮೇಲೆ ಅವಳನ್ನು ಬೆಟ್ಟದ ಸೀಮೆಗೆ, ಚಿಕ್ಕಮ್ಮನ ಮನೆಗೆ ಕಳಿಸಿದರು ಎಂದು ಸುದ್ದಿಯಾಯಿತು. ಒಳ್ಳೆಯದಾಯಿತು ಅಂದಿತು ಊರು.

ಕೆಂಪು ಕಾಗದ ಹಚ್ಚಿದಾಗ ಚೂರಿಯೊಳಗೆ ಹೋದ ವರ್ಷದ ಸೋಡಾ ಮನೆ ಮಬ್ಬಾಗಿ ಓಡತೊಡಗಿತು. ನಡುಮನೆ, ಅದರ ಹಿಂದೆ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲು. ಜನ ಬಣ್ಣಬಣ್ಣದ ಹೊಗೆಯ ಹಾಗೆ ಹಾದು ಹೋಗುತ್ತಿದ್ದರು. ಉದ್ದ ಜಡೆಯ ಹೊಗೆ ಪದ್ಮಿ, ಗಿಡ್ಡ ಜಡೆಯದು ಚಾರು, ದಪ್ಪನೆಯದು ಅವರಮ್ಮ ಲೀಲಮ್ಮ. ಒಂದು ಕಡೆ ಹಲವರು ಸೇರಿ ಯಾರನ್ನೋ ಎತ್ತಿಕೊಂಡು ಬಂದು ಚಾಪೆಯ ಮೇಲೆ ಮಲಗಿಸಿದರು. ಪದವಿಯ ದಿನ ಎಂದು ಗೊತ್ತಾಯಿತು. ಕೈ ನಿಲ್ಲಿಸಿದೆ. ಚಿಕ್ಕಮ್ಮನ ಮನೆಗೆ ಹೊರಟವಳು ಪೆಟ್ಟಿಗೆ ಹಿಡಿದು ಬೀದಿ ಬಾಗಿಲಿಗೆ ಹೋಗಬೇಕಲ್ಲ? ಉದ್ದ ಜಡೆಯ ಹೊಗೆ ಮರದ ಮೆಟ್ಟಿಲ ಕಡೆ ಹೋಯಿತು. ಹಿಂದೆಯೇ ಇಬ್ಬರು ಒಂದು ಹಾಸಿಗೆ ಹೊತ್ತು ಹೋದರು. ಇಬ್ಬರೂ ಇಳಿದು ಬಂದರು. ಅವಳು ಇಳಿಯಲಿಲ್ಲ. ಏನೋ ತರಲು ಹೋಗಿರಬೇಕು ಅಂದುಕೊಂಡು ಮತ್ತೆ ಉಜ್ಜಿದೆ.

ಕಪ್ಪು ಕಾಗ‌ದಕ್ಕೆ ಮುಖಗಳು ತಿಳಿಯಾದವು. ಲೀಲಮ್ಮ ಮುಚ್ಚಿದ ತಟ್ಟೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು, ಖಾಲಿ ತಟ್ಟೆ ಹಿಡಿದು ಇಳಿಯುತ್ತಿದ್ದರು. ಬೀದಿ ಬಾಗಿಲಿಗೆ ಒಳಗಿನಿಂದಲೇ ಬೀಗ, ಬೀಗದ ಕೈ ಅವರ ಸೊಂಟದಲ್ಲಿ. ಮಧ್ಯಾಹ್ನದ ಊಟವಾಗಿ ಎಲ್ಲರೂ ಅಡ್ಡಾದ ಹೊತ್ತಿನಲ್ಲಿ ಮೆಟ್ಟಿಲ ಮೇಲೆ ಎರಡು ಬರಿಗಾಲು ಕಂಡವು. ಆಮೇಲೆ ಮಾಸಿದ ಹಸಿರು ಸೀರೆ. ಆಮೇಲೆ ಪದ್ಮಿ. ಜಡೆ ಇರಲಿಲ್ಲ, ಕೂದಲು ಕತ್ತರಿಸಿದ್ದರು.

ಅವಳು ನೇರ ಚೂರಿಯ ಎದುರು ಬಂದು ನಿಂತಳು. ಮುಖ ನೋಡಿಕೊಳ್ಳಲು ಬಂದವರ ಕಣ್ಣು ಹಣೆ, ಮೂಗು, ಕೂದಲು ಎಂದು ಅಲೆಯುತ್ತದೆ. ಅವಳ ಕಣ್ಣು ಅಲೆಯಲಿಲ್ಲ. ಕಿಟಕಿಯ ಆಚೆ ನಿಂತವರನ್ನು ನೋಡುವ ಹಾಗೆ ನನ್ನನ್ನೇ ನೋಡಿ, ಎರಡು ಮಾತು ಆಡಿದಳು. ಕಾದಳು. ಮತ್ತೆ ಅದೇ ಎರಡು ಮಾತು. ಚೂರಿಗೆ ದನಿ ಇಲ್ಲ. ಒಳಗೆಲ್ಲೋ ಯಾರೋ ಮಗ್ಗುಲು ಬದಲಿಸಿರಬೇಕು, ಬೆಚ್ಚಿ ಮೆಟ್ಟಿಲು ಹತ್ತಿ ಹೋದಳು.

ಮರುದಿನದ ಮಧ್ಯಾಹ್ನವೂ ಬಂದಳು. ಅದರ ಮರುದಿನವೂ. ನಾನು ಉಜ್ಜುತ್ತಿದ್ದೆ, ದಿನಗಳು ಓಡುತ್ತಿದ್ದವು, ಪ್ರತಿ ದಿನದ ನಡುವೆ ದಾರದಲ್ಲಿ ಮಣಿ ಕಟ್ಟಿದ ಹಾಗೆ ಅವಳು ಬಂದು ನಿಂತು ಅದೇ ಎರಡು ಮಾತು ಹೇಳಿ ಹೋಗುತ್ತಿದ್ದಳು. ನಡುಮನೆಯಲ್ಲಿ ಬಾಳೆಕಂಬ ಕಟ್ಟಿದ ದಿನವೂ, ಮಾವಿನ ಹಣ್ಣು ರಾಶಿ ಹಾಕಿದ ದಿನವೂ. ಕೂಗಬಹುದಿತ್ತಲ್ಲ, ಅಂದುಕೊಂಡೆ. ಕೂಗುವವಳಾಗಿದ್ದರೆ ನನ್ನ ಪಕ್ಕ ಯಾಕೆ ಕೂರುತ್ತಿದ್ದಳು.

ಅಂಗಡಿಯಲ್ಲಿ ಕಾಫಿ ಚೂರಿ ಎಂದು ಒಂದಿದೆ. ಅದರೆದುರು ನಿಂತು, ಹಿತ್ತಿಲಿಗೆ ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೆ ಮುಖ ಬಂದಿರುತ್ತದೆ. ನಾನು ಅದರೆದುರು ಒಂದೊಂದು ಮಾತು ಆಡಿ, ಕಾಫಿ ಕುಡಿದು ಬಂದು, ನನ್ನ ಬಾಯಿ ಅವಳ ಬಾಯಿಯ ಹಾಗೆ ಆಡಿತೇ ಎಂದು ನೋಡತೊಡಗಿದೆ. ಬಾಗಿಲು ತೆಗೆ, ಅಂದೆ. ಅಲ್ಲ. ನೀರು ಕೊಡು. ಅಲ್ಲ. "ಏನೇ ಇಷ್ಟೊಂದು ಕಾಫಿ? ಪಿತ್ತ ನೆತ್ತಿಗೇರುತ್ತೆ" ಎಂದು ಅತ್ತೆ ಒಳಗಿನಿಂದ ಗದರಿದಳು. ಅವಳ ಮೊದಲ ಮಾತಿಗೆ ತುಟಿ ಅಗಲವಾಗಿ ಹಲ್ಲು ಕಾಣುತ್ತಿತ್ತು, ಕೂಡಲೇ ಮುಂದಕ್ಕೆ ಚೂಪಾಗುತ್ತಿತ್ತು. ಆ ಆಕಾರ ನನಗೆ ಗೊತ್ತಿತ್ತು. ಎಷ್ಟು ಗೊತ್ತಿತ್ತೆಂದರೆ ಅದು ಹೊಳೆಯಲೇ ಇಲ್ಲ. ಕೊನೆಗೆ ಕಾಫಿ ಚೂರಿಯ ಎದುರು ನನ್ನ ಹೆಸರು ಹೇಳಿದೆ. ಲೋಟದಲ್ಲಿ ಕಾಫಿ ಹಾಗೇ ಉಳಿಯಿತು. ಬಂದು ನಿಂತಾಗ ನನ್ನ ಮುಖವೂ ಬಂತು, ನನ್ನನ್ನು ನೋಡಿ ನನ್ನ ಹೆಸರು ಹೇಳಿತು. ಅದೇ ಬಾಯಿ. ಎರಡನೆಯ ಮಾತಿಗೆ ಕಾಫಿ ಬೇಕಾಗಲಿಲ್ಲ. ಚೂರಿ ಉಜ್ಜುವ ಹುಡುಗಿಯ ಹತ್ತಿರ ಯಾರಾದರೂ ಬೇಡಿಕೊಳ್ಳುವುದು ಇನ್ನೇನಿರುತ್ತದೆ?

ನೀಲು, ಉಜ್ಜಬೇಡ.

ಅಷ್ಟು ಹೊತ್ತಿಗೆ ಮುಕ್ಕಾಲು ಪಾಲು ಉಜ್ಜಿಯಾಗಿತ್ತು. ಅವಳು ಬೇಡ ಬೇಡ ಅಂದ ಒಂದೊಂದು ಮಧ್ಯಾಹ್ನವನ್ನೂ ನಾನೇ ಸವೆಸಿ, ಕಪ್ಪು ಕೆಸರು ಮಾಡಿ, ಹಳೆ ಪಂಚೆಯ ಚೂರಿನಿಂದ ಒರೆಸಿ ಬಕೆಟ್ಟಿಗೆ ಹಿಂಡಿದ್ದೆ.

ಕೈ ಮಡಿಲಲ್ಲಿಟ್ಟು ಕೂತಿದ್ದ ನನ್ನನ್ನು ಅತ್ತೆ ಬಂದು ನೋಡಿದಳು. ಚೂರಿಯನ್ನೂ ನೋಡಿದಳು. "ಕಂಡಳಾ?" ಅಂದಳು, ಮಳೆ ಬಂತಾ ಅನ್ನುವ ಹಾಗೆ.

ನಾನು ತಲೆಯೆತ್ತಿದೆ.

"ನೀನು ಕೆಂಪು ಕಾಗದ ಎಳೀತಿದ್ದಾಗ ನಾನೂ ನಿನ್ನ ಹಿಂದೆ ನಿಂತಿದ್ದೆ. ಹಾಸಿಗೆ ಹೊತ್ಕೊಂಡು ಹೋಗೋದು ಕಾಣ್ತು." ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲೆಗೆ ಸುಣ್ಣ ಸವರಿದಳು. "ಹುಡುಗಿಯಾಗಿದ್ದಾಗಿಂದ ಉಜ್ತಿದೀನಿ ನೀಲು. ಅಟ್ಟದ ಮೇಲೆ ಯಾರೂ ಇಲ್ದಿರೋ ಮನೆ ಕಮ್ಮಿ ಈ ಊರಲ್ಲಿ. ಮೇಲಿರೋರನ್ನ ಕೆಳಗಿನೋರು ನೋಡ್ಕೋತಾರೆ. ಊಟ ಹಾಕ್ತಾರೆ."

"ಮದುವೆ ಆದಮೇಲೆ ಇಳಿಸ್ತಾರಾ ಅತ್ತೆ?"

"ಒಬ್ಬಳೇ ಮಗಳು ಅಂತ ಹೇಳಿ ಕೊಡ್ತಿದಾರಂತೆ. ಆಮೇಲೆ ಇನ್ನೊಬ್ಬಳು ಎಲ್ಲಿಂದ ಬರ್ತಾಳೆ? ಹುಡುಗನ ಮನೆಯೋರು ಹಬ್ಬಕ್ಕೆ ಹುಣ್ಣಿಮೆಗೆ ಬಂದು ಹೋಗೋರು. ಇಳಿಯೋ ಹಾಗೇ ಇಲ್ಲ." ಎಲೆ ಮಡಿಸಿ ಬಾಯಿಗಿಟ್ಟುಕೊಂಡಳು.

"ಅವಳು ನನ್ನ ಹೆಸರು..."

"ಗೊತ್ತು. ನೋಡು, ನಾವು ಒಂದು ಮನೆ ವಿಷಯ ಬಾಯಿಬಿಟ್ರೆ ನಾಳೆಯಿಂದ ಯಾರೂ ಚೂರಿ ತರಲ್ಲ. ಕಲ್ಲಿಗೆ ತಿಕ್ಕಿ ತಾವೇ ಅಳಿಸ್ಕೋತಾರೆ. ಆಗ ಇಂಥೋರನ್ನ ನೋಡೋ ಒಂದು ಕಣ್ಣೂ ಇರಲ್ಲ. ಬೂದಿ ಕಾಗದ ತಗೋ."

ನೋಡಿ ಏನು ಬಂತು ಅತ್ತೆ, ಎಂದು ಕೇಳಬೇಕೆನಿಸಿತು. ಕೈ ತೊಳೆದುಕೊಂಡು ಬೂದಿ ಕಾಗದ ತೆಗೆದುಕೊಂಡೆ.

ಗುರುವಾರ ಮಧ್ಯಾಹ್ನ ಚೂರಿಯನ್ನು ಬೆಳಕಿಗೆ ಓರೆ ಹಿಡಿದಾಗ ಒಂದು ಗೀರು ಕಂಡಿತು. ಹಿಡಿಯಿಂದ ಸ್ವಲ್ಪ ದೂರದಲ್ಲಿ ಮೇಲಿಂದ ಕೆಳಗೆ, ಕೂದಲೆಳೆಯಷ್ಟು. ಕೆಂಪು ಕಾಗದಕ್ಕೂ ಸಿಗದೆ ಆಳದಲ್ಲಿ ಉಳಿದುಬಿಟ್ಟದ್ದು. ಗಟ್ಟಿ ಉಕ್ಕಿನಲ್ಲಿ ಹೀಗಾಗುತ್ತದೆ, ಸುತ್ತಲೆಲ್ಲ ನುಣುಪಾದ ಮೇಲೆಯೇ ಒಂದು ಮೊಂಡ ಗೀರು ಎದ್ದು ಕಾಣುತ್ತದೆ. ಅಂಥ ಗೀರಿನೊಳಗೆ ಹಳೆಯ ತಡ ಬಹುಪಾಲು ಹಾಗೇ ಇರುತ್ತದೆ. ಚೂರಿಯ ಉಳಿದ ಮೈಯೆಲ್ಲ ನಮ್ಮ ಅಂಗಡಿಯನ್ನು ತೋರಿಸುತ್ತಿದ್ದರೆ ಆ ಎಳೆಯೊಳಗೆ ಸೋಡಾ ಮನೆಯ ಗೋಡೆಯ ಬಣ್ಣ. ಕಾದು ನೋಡಿದೆ. ಇಲ್ಲಿ ದೀಪ ಹಚ್ಚುವ ಹೊತ್ತಿಗೆ ಅಲ್ಲಿ ಊಟದ ನಂತರದ ಮಧ್ಯಾಹ್ನವಾಗುತ್ತಿತ್ತು. ಎಳೆಯೊಳಗೆ ಹಸಿರು ಅಲುಗಿತು.

ಕಾಯಿದೆಯ ಪ್ರಕಾರ ಮತ್ತೆ ಕೆಂಪು ಕಾಗದಕ್ಕೆ ಹಿಂದಿರುಗಬೇಕು. ಇಡೀ ಮೈಯನ್ನು ಆ ಗೀರಿನ ಆಳದವರೆಗೂ ಇಳಿಸಿ ಮೊದಲಿನಿಂದ ಬರಬೇಕು. ನಾನು ಹಿಂದಿರುಗಲಿಲ್ಲ. ನನ್ನಿಂದ ಹೇಳಲಾಗದ್ದನ್ನು ಈ ಎಳೆ ಹೇಳಲಿ. ಹೊಳೆಯಾಚೆಯವರು ಕಣ್ಣಿದ್ದವರೇ ತಾನೇ, ಅವರೇ ನೋಡುತ್ತಾರೆ, ಅವರೇ ಕೇಳುತ್ತಾರೆ. ನಾನು ಮೂಲೆಯಲ್ಲಿ ನಿಂತಿದ್ದರಾಯಿತು. ಹೀಗೆ ಯೋಚಿಸಿದಾಗ ಆದ ನೆಮ್ಮದಿಗೆ ನನಗೇ ನಾಚಿಕೆಯಾಯಿತು, ಆದರೂ ನೆಮ್ಮದಿ ನೆಮ್ಮದಿಯೇ.

ಮುಲಾಮು ಹಚ್ಚಿ ತೊಗಲಿನಿಂದ ಎಳೆಯುತ್ತಾ ಹೋದೆ. ಅಂಗಡಿಯ ಈ ವಾರವೇ ಚೂರಿಯಲ್ಲಿ ಓಡಿ ಬಂತು, ಛಾವಣಿ, ಅತ್ತೆಯ ಕನ್ನಡಕ, ಬಕೆಟ್ಟು. ಆಮೇಲೆ ಒಂದು ಹುಡುಗಿ ಚೂರಿಯ ಮೇಲೆ ಬಗ್ಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು, ಕಣ್ಣು ಬಾಯಾರಿದವರ ಹಾಗೆ. ಪದ್ಮಿಯನ್ನು ನೋಡುತ್ತಿದ್ದ ನಾನು. ಬಿದ್ದವರ ಸುತ್ತ ಸೇರಿದ ಜನಕ್ಕೆ ಇಂಥ ಮುಖವೇ ಇರುತ್ತದೆ. ಎಳೆಯುತ್ತಲೇ ಇದ್ದೆ. ಕೊನೆಗೆ ನಾನು ಬಾಯಿ ಮುಚ್ಚಿದಾಗ ಚೂರಿಯೊಳಗಿನವಳೂ ಮುಚ್ಚಿದಳು.

ಶುಕ್ರವಾರ ಸಂಜೆ ಅತ್ತೆಯೂ ನಾನೂ ಚೂರಿ ಹೊತ್ತು ಹೋದೆವು. ಉಜ್ಜಿದವರೇ ತಂದು ತೂಗುಹಾಕುವುದು ಪದ್ಧತಿ. ಹೊಸ ಸುಣ್ಣದ ವಾಸನೆ, ಅದರೊಳಗೆ ಸೋಡಾದ ಹುಳಿ. ಮರದ ಮೆಟ್ಟಿಲಿಗೆ ಅಡ್ಡವಾಗಿ ಒಂದು ರೇಷ್ಮೆ ಸೀರೆಯನ್ನು ಪರದೆಯ ಹಾಗೆ ಇಳಿಬಿಟ್ಟಿದ್ದರು. ಹುಡುಗ, ಅವನಪ್ಪ, ಸೋದರತ್ತೆ ತುಂಗಾಬಾಯಿ ಕೂತಿದ್ದರು. ಕೇಳುವವರು, ಹೇಳುವವರು ಎಲ್ಲ ಆಕೆಯೇ. ಚೂರಿ ತೂಗುಹಾಕಿದ ಕೂಡಲೇ ಎದ್ದು ಬಂದು ಮೂಗು ತಾಗುವಷ್ಟು ಹತ್ತಿರ ನಿಂತರು. ಕೈಯೆತ್ತಿದರು, ಚೂರಿಯಲ್ಲೂ ಕೈ ಎದ್ದಿತು. "ಭೇಷ್! ನನ್ನ ಮೂಗುತಿ ಇಷ್ಟು ಓರೆ ಇದೆ ಅಂತ ಮನೇಲಿ ಒಬ್ಬರೂ ಹೇಳ್ಲಿಲ್ಲ ನೋಡಿ." ಎಲ್ಲರೂ ನಕ್ಕರು. ಆಮೇಲೆ ಅವರ ತಲೆ ವಾಲಿತು. "ಇದೇನಿದು ಎಳೆ? ಒಳಗೆ ಏನೋ ಹಸಿರು ಆಡ್ತಾ ಇದೆ?"

ಲೀಲಮ್ಮನ ಕೈಯ ಬೀಸಣಿಗೆ ನಿಂತಿತು. ನಾನು ತುಂಗಾಬಾಯಿಯನ್ನೇ ನೋಡುತ್ತಾ ನಿಂತೆ. ಕೇಳಿ, ಇನ್ನೊಂದು ಸಲ ಕೇಳಿ.

"ಗಟ್ಟಿ ಉಕ್ಕು ತಾಯಿ," ಕಾಳಮ್ಮತ್ತೆ ನನ್ನ ಕಡೆ ಒಮ್ಮೆ ಉರಿದು ನೋಡಿ ಮುಂದೆ ಬಂದಳು. "ಎಷ್ಟು ಉಜ್ಜಿದ್ರೂ ಒಂದೆಳೆ ಉಳಿಸ್ಕೊಳ್ಳುತ್ತೆ. ಇಷ್ಟು ಚಂದದ ಚೂರಿಗೆ ಒಂದು ದೃಷ್ಟಿಬೊಟ್ಟು ಅಂದ್ಕೊಳ್ಳಿ."

"ದೃಷ್ಟಿಬೊಟ್ಟು!" ತುಂಗಾಬಾಯಿಗೆ ಮಾತು ಇಷ್ಟವಾಯಿತು. "ಅದೂ ಸರಿಯೇ. ತೀರಾ ಚೊಕ್ಕಟ ಇದ್ರೆ ನಮಗೂ ಭಯ." ಬೀಸಣಿಗೆ ಮತ್ತೆ ಆಡಿತು. ನಾನು ನಂಬಿಕೊಂಡಿದ್ದ ಎಳೆಗೆ ಒಂದು ತಮಾಷೆಯ ಹೆಸರು ಸಿಕ್ಕಿ ಅದರ ಕಥೆ ಮುಗಿದುಹೋಯಿತು.

"ಉಜ್ಜಿದ ಕೈ ಯಾವುದು?" ಎಂದು ಅವರು ಕೇಳಿದಾಗ ಅತ್ತೆ ನನ್ನನ್ನು ಮುಂದಕ್ಕೆ ದೂಡಿದಳು. ಉಜ್ಜಿದವರ ಅಂಗೈಯಲ್ಲಿ ಬೆಲ್ಲದ ಚೂರು ಇಟ್ಟು, ಹಿಂದಿನದೇನಾದರೂ ಉಳಿದಿದೆಯೇ ಎಂದು ಗಂಡಿನವರು ಕೇಳುತ್ತಾರೆ. ಏನೂ ಇಲ್ಲ ಎಂದು ಹೇಳಿ ಬೆಲ್ಲ ತಿನ್ನಬೇಕು. ಯಾವಾಗಲೂ ಅತ್ತೆಯೇ ಹೇಳುತ್ತಿದ್ದಳು. ಇವತ್ತು, ಗೀರು ಬಿಟ್ಟದ್ದಕ್ಕೆ ಇರಬೇಕು, ನನ್ನಿಂದಲೇ ಹೇಳಿಸಲು ಹೊರಟಿದ್ದಳು. ತುಂಗಾಬಾಯಿ ಬೆಲ್ಲ ಇಟ್ಟು, "ಹೇಳಮ್ಮ, ಹಿಂದಿನದೇನಾದ್ರೂ ಉಂಟಾ?" ಅಂದರು.

ನಡುಮನೆ ಕಾಯುತ್ತಿತ್ತು. ಹುಡುಗನ ಅಪ್ಪ ಕೆಮ್ಮಿದರು.

"ಮಾತು ಕಮ್ಮಿ ನಮ್ಮ ಹುಡುಗಿ" ಅಂದಳು ಅತ್ತೆ.

"ಪಾಪ, ನಾಚಿಕೆ. ಬಿಡಿ ಬಿಡಿ, ಹೇಳಿದ ಹಾಗೇ ಆಯ್ತು. ತಿನ್ನು ಮಗಳೇ."

ಹೇಳಿದ ಹಾಗೇ ಆಯಿತು. ನಾನು ಸುಮ್ಮನಿದ್ದರೆ ಸಾಕಿತ್ತು, ಉಳಿದದ್ದನ್ನು ಅವರೇ ನನ್ನ ಪರವಾಗಿ ಹೇಳಿಕೊಳ್ಳುತ್ತಿದ್ದರು. ಹುಟ್ಟಿದಾಗಿನಿಂದ ಹೀಗೇ. ನಾನು ಚೂರಿಯ ಕಡೆ ನೋಡಿದೆ. ಅದರಲ್ಲಿ ಇಡೀ ನಡುಮನೆ ಈಗಿದ್ದ ಹಾಗೇ ಇತ್ತು, ನಡುವೆ ನಾನು, ಅಂಗೈಯಲ್ಲಿ ಬೆಲ್ಲ. ಗೀರು ನೇರ ನನ್ನ ಮುಖದ ಮೇಲೆ ಹಾದುಹೋಗಿತ್ತು. ಪದ್ಮಿ ದಿನಾ ಬಂದು ನಿಲ್ಲುತ್ತಿದ್ದ ಜಾಗದಲ್ಲೇ ನಾನು ನಿಂತಿದ್ದೆ. ನನ್ನ ಬಾಯಿ ಮುಚ್ಚಿತ್ತು. ಅದರ ಮೇಲೆ ಕೂದಲೆಳೆಯ ಅಗಲದಲ್ಲಿ ಇನ್ನೊಂದು ಬಾಯಿ ಆಡುತ್ತಿತ್ತು. ಅಗಲವಾಗಿ, ಕೂಡಲೇ ಚೂಪಾಗಿ. ಮತ್ತೆ ಅಗಲವಾಗಿ.

ಲೋಟಗಳು ಒಂದಕ್ಕೊಂದು ತಾಗಿ ಸದ್ದಾದವು. ಚಾರು ಕಾಫಿಯ ತಟ್ಟೆ ಹಿಡಿದು ನನ್ನ ಹಿಂದೆ ಬಂದು ನಿಂತಿದ್ದಳು, ಚೂರಿಯಲ್ಲಿ ಅವಳೂ ಅದನ್ನೇ ನೋಡುತ್ತಿದ್ದಳು. ಅವಳ ಕಣ್ಣು ನನ್ನ ಕಣ್ಣಿಗೆ ಬಂತು. ಬೇಡ ಅನ್ನುತ್ತಾಳೆಂದು ಕಾದೆ. ಅವಳು ತಲೆ ಆಡಿಸಲಿಲ್ಲ.

ಬೆಲ್ಲವನ್ನು ತುಂಗಾಬಾಯಿಯ ತಟ್ಟೆಯಲ್ಲಿ ವಾಪಸಿಟ್ಟೆ. ಚೂರಿಗೆ ಬೆನ್ನು ಮಾಡಿ, ಕೂತ ಜನರನ್ನು ದಾಟಿ, ರೇಷ್ಮೆ ಪರದೆಯ ಎದುರು ನಿಂತು ತಲೆಯೆತ್ತಿದೆ. ಇಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತೋ ಗೊತ್ತಿಲ್ಲ.

"ಪದ್ಮೀ, ನಾನು ನಿನ್ನನ್ನ ನೋಡಿದೆ. ಕೆಳಗೆ ಬಾ."